ಅಪ್ಪನ ಹೆಸರಿನ ಮುಂದೆ ಏನು ಹಾಕಿಸಲಿ?

ಕಳೆದ ತಿಂಗಳು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಒಬ್ಬ ಹುಡುಗಿ ಬಂದಿದ್ದಳು. ಮದುವೆ ನಿಶ್ಚಯವಾಗಿದೆ, ಆದರೆ ಮುಖದಲ್ಲಿ ಕಳೆಯೇ ಇರಲಿಲ್ಲ. ಬ್ಯಾಗಿನಿಂದ ಲಗ್ನಪತ್ರಿಕೆಯ ಕರಡು ತೆಗೆದು ಮೇಜಿನ ಮೇಲಿಟ್ಟಳು. "ಮೇಡಂ, ಅಪ್ಪನ ಹೆಸರಿನ ಮುಂದೆ ದಿ॥ ಅಂತ ಹಾಕಿಸ್ಬೇಕಾ ಬೇಡ್ವಾ, ನೀವೇ ಹೇಳಿ." ಅವಳ ಅಪ್ಪ ಹನ್ನೊಂದು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಹೋದವರು. ಮೂರು ತಿಂಗಳು ಫೋನ್ ಬಂತು, ಆಮೇಲೆ ನಿಂತುಹೋಯಿತು. ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು 2018ರಲ್ಲಿ, ಶ್ರೀಲಂಕಾದ ಕಿಳಿನೊಚ್ಚಿಯಲ್ಲಿ, ಬೇರೆ ಭಾಷೆಯಲ್ಲಿ. ಆಮೇಲೆ ಇಲ್ಲಿಗೆ ಬಂದ ಮೇಲೂ ಎರಡು ಸಲ ಕೇಳಿದ್ದೇನೆ. ಕಿಳಿನೊಚ್ಚಿಯಲ್ಲಿ ನಡೆದದ್ದನ್ನು ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಅಲ್ಲಿಗೆ ಹೋಗಲು ಕಾರಣ ನನ್ನ ತಮಿಳು. ನಾನು ಸುಳ್ಯದ ಕಡೆಯವಳು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಪ್ರಕಾರ ಲಂಕೆಯ ಟೀ ತೋಟಗಳಿಂದ ವಾಪಸ್ ಕಳಿಸಿದ ತಮಿಳರಲ್ಲಿ ಒಂದಷ್ಟು ಜನರನ್ನು ನಮ್ಮ ಕಡೆಯ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದ್ದರು. ಅವರ ಮಕ್ಕಳ ಜೊತೆ ನಾನು ಶಾಲೆಗೆ ಹೋದವಳು. ಹೀಗಾಗಿ ನನ್ನ ತಮಿಳು ಮದ್ರಾಸಿನದಲ್ಲ, ಲಂಕೆಯ ಬೆಟ್ಟದ ಕಡೆಯದು. ಯುದ್ಧ ಮುಗಿದ ಊರುಗಳಲ್ಲಿ ಹೆಂಗಸರ ಜೊತೆ ಕೂತು ಮಾತಾಡುವವರು ಬೇಕಾಗಿದ್ದಾರೆ ಅಂದಾಗ ಒಪ್ಪಿಕೊಂಡೆ. ಎರಡು ವರ್ಷ ಅಲ್ಲಿದ್ದೆ.

ಲಂಕೆಯ ಸರ್ಕಾರಕ್ಕೂ ಎಲ್‌ಟಿಟಿಇಗೂ ನಡೆದ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ನಾನು ಹೋಗುವ ಹೊತ್ತಿಗೆ ಕಿಳಿನೊಚ್ಚಿ ಹೊರಗಿನಿಂದ ನೋಡಿದರೆ ಬೇರೆಯೇ ಊರು. ಎ9 ಹೆದ್ದಾರಿ ಹೊಳೆಯುತ್ತಿತ್ತು. ಜಾಫ್ನಾವರೆಗೆ ರೈಲು ಶುರುವಾಗಿ ಕೆಲವು ವರ್ಷವಾಗಿತ್ತು. ರಸ್ತೆಯ ಎರಡೂ ಕಡೆ ಬ್ಯಾಂಕು, ಲೀಸಿಂಗ್ ಕಂಪನಿ, ಮೊಬೈಲ್ ಅಂಗಡಿ. ಯುದ್ಧದಲ್ಲಿ ಉರುಳಿಸಿದ ದೊಡ್ಡ ನೀರಿನ ಟ್ಯಾಂಕನ್ನು ಮಾತ್ರ ಬಿದ್ದ ಹಾಗೇ ಬಿಟ್ಟಿದ್ದರು, ನೋಡಲು ದಕ್ಷಿಣದಿಂದ ಬಸ್ಸುಗಳಲ್ಲಿ ಜನ ಬರುತ್ತಿದ್ದರು. ಬೆಳಿಗ್ಗೆ ಕತ್ತಲಿರುವಾಗಲೇ ಗಾರ್ಮೆಂಟ್ಸ್ ಬಸ್ಸುಗಳು ಹಳ್ಳಿಗಳಿಂದ ಹುಡುಗಿಯರನ್ನು ತುಂಬಿಕೊಂಡು ಬರುತ್ತಿದ್ದವು. ಹೆಂಗಸರು ಸ್ಕೂಟಿ ಓಡಿಸುತ್ತಿದ್ದರು. ಮನೆಗೆ ಗಂಡಸು ಇಲ್ಲ ಅಂದಮೇಲೆ ಮಕ್ಕಳನ್ನು ಶಾಲೆಗೆ ಬಿಡುವವರು, ಸಾಲದ ಕಂತು ಕಟ್ಟುವವರು, ಕಚೇರಿಗೆ ಅಲೆಯುವವರು ಎಲ್ಲ ಅವರೇ. ಹಳ್ಳಿಗಳಲ್ಲಿ ಸಾಲು ಸಾಲು ಹೊಸ ಮನೆಗಳು. ಅವುಗಳಲ್ಲಿ ಎಷ್ಟೋ ಮನೆಗಳಿಗೆ "ಇಂಡಿಯನ್ ವೀಡು" ಅಂತಲೇ ಹೆಸರು. ಭಾರತ ಸರ್ಕಾರ ಒಂದೊಂದು ಮನೆಗೆ ಐದೂವರೆ ಲಕ್ಷ ಲಂಕಾ ರೂಪಾಯಿ ಕಂತಿನಲ್ಲಿ ಕೊಟ್ಟು, ಮನೆಯವರೇ ನಿಂತು ಕಟ್ಟಿಸಿಕೊಂಡ ಮನೆಗಳು ಅವು.

ಮನೆ ಎದ್ದಿತ್ತು, ರಸ್ತೆ ಬಂದಿತ್ತು. ಒಳಗೆ ಕೂತು ಮಾತಾಡಿದರೆ ಹತ್ತರಲ್ಲಿ ಆರೇಳು ಹೆಂಗಸರು ಒಂದಲ್ಲ ಒಂದು ಹೊತ್ತಿಗೆ ಕಾಣೆಯಾದವರ ಮಾತಿಗೇ ಬರುತ್ತಿದ್ದರು. ಅಲ್ಲಿ ಕಾಣೆಯಾದವರು ಅನ್ನುವುದಿಲ್ಲ. "ಕಾಣಾಮಲ್ ಆಕ್ಕಪ್ಪಟ್ಟೋರ್" ಅನ್ನುತ್ತಾರೆ. ಕಾಣೆ ಮಾಡಲ್ಪಟ್ಟವರು. ನಾನು ಮೊದಲ ವಾರ ತಪ್ಪಾಗಿ ಹೇಳಿದಾಗ ಒಬ್ಬ ಅಜ್ಜಿ ನನ್ನ ಕೈ ಹಿಡಿದು ತಿದ್ದಿದರು. "ಅವನು ತಾನಾಗಿ ಕಳೆದುಹೋಗೋಕೆ ಮೇಕೆ ಮರಿಯಾ?"

ಈಗ ಪ್ರಕರಣಕ್ಕೆ ಬರುತ್ತೇನೆ.

ಬಂದವರು ತಾಯಿ, ಮಗಳು. ತಾಯಿಗೆ ನಲವತ್ತೆಂಟು ಇರಬಹುದು. ನಾನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಚ್ಚಿ ಅನ್ನುತ್ತಿದ್ದರು. ಮಗಳಿಗೆ ಇಪ್ಪತ್ತೆರಡು, ಗಾರ್ಮೆಂಟ್ಸ್ ಕೆಲಸ. ಅವಳಿಗೆ ನಾನು "ಮಿಸ್". ಒಬ್ಬ ತಮ್ಮ ಇದ್ದ, ಹತ್ತನೇ ತರಗತಿ. ಅಪ್ಪ 2009ರ ಮೇ ಮೂರನೇ ವಾರದಿಂದ ಇಲ್ಲ. ಮುಳ್ಳಿವಾಯ್ಕಾಲ್ ಅಂತ ಸಮುದ್ರಕ್ಕೂ ನಂದಿಕಡಲ್ ಹಿನ್ನೀರಿಗೂ ನಡುವಿನ ಸಣ್ಣ ಪಟ್ಟಿ, ಕೊನೆಗೆ ಜನ ಎಲ್ಲ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅಲ್ಲಿಂದ ವಟ್ಟುವಾಗಲ್ ಸೇತುವೆ ದಾಟಿ ಹೊರಗೆ ಬಂದ ದಿನ ಇವರೂ ಬಂದರು. ನಾಲ್ಕು ಜನ ಸೇತುವೆ ದಾಟಿದರು, ಮೂರು ಜನ ಮೆನಿಕ್ ಫಾರ್ಮ್ ಅನ್ನುವ ನಿರಾಶ್ರಿತರ ಕ್ಯಾಂಪ್ ಸೇರಿದರು. ಇಷ್ಟೇ ನನಗೆ ಮೊದಲು ಗೊತ್ತಿದ್ದದ್ದು.

ಮಗಳಿಗೆ ಮದುವೆ ನಿಶ್ಚಯವಾಗಿತ್ತು, ಹುಡುಗ ಜಾಫ್ನಾ ಕಡೆಯವನು. ಪ್ರೆಸ್‌ನವರು ಕೇಳಿದ್ದರು: ತಂದೆಯ ಹೆಸರಿಗೆ "ತಿರು" ಹಾಕೋದಾ, "ಅಮರರ್" ಹಾಕೋದಾ? ತಿರು ಅಂದರೆ ನಮ್ಮ ಶ್ರೀ, ಅಮರರ್ ಅಂದರೆ ನಮ್ಮ ದಿವಂಗತ. ಮಗಳು ಅಮರರ್ ಹಾಕಿ ಅಂದಳು. ತಾಯಿ ಮೂರು ದಿನ ಊಟ ಬಿಟ್ಟರು.

ಹೊರಗಿನವರಿಗೆ ಇದೊಂದು ಪದದ ಜಗಳ. ಆದರೆ ಆ ಪದಕ್ಕೆ ಎಷ್ಟೆಲ್ಲ ಗಂಟು ಬಿದ್ದಿತ್ತು ನೋಡಿ. ಅಮರರ್ ಹಾಕಿದರೆ ತಾಯಿ ವಿಧವೆ. ಕುಂಕುಮ ಇಡುವ ಹಾಗಿಲ್ಲ, ಮಂಟಪದ ಹತ್ತಿರ ಬರುವ ಹಾಗಿಲ್ಲ ಅಂತ ಹುಡುಗನ ಕಡೆಯ ಹಿರಿಯರು ಆಗಲೇ ಸೂಚನೆ ಕೊಟ್ಟಿದ್ದರು. ಹಾಕದಿದ್ದರೆ, ತಂದೆ ಎಲ್ಲಿ ಅಂತ ಬಂದವರೆಲ್ಲ ಕೇಳುತ್ತಾರೆ. ಇನ್ನೊಂದು ವಿಷಯ. 2017ರ ಫೆಬ್ರುವರಿ 20ರಿಂದ ಕಿಳಿನೊಚ್ಚಿಯ ಕಂದಸ್ವಾಮಿ ಕೋವಿಲ್ ಹತ್ತಿರ ಕಾಣೆಯಾದವರ ತಾಯಂದಿರು, ಹೆಂಡತಿಯರು ರಸ್ತೆ ಬದಿ ಚಪ್ಪರ ಹಾಕಿ ಧರಣಿ ಕೂತಿದ್ದರು. ಈ ಅಕ್ಕ ವಾರಕ್ಕೆ ಎರಡು ದಿನ ಹೋಗಿ ಕೂರುತ್ತಿದ್ದರು. ಗಂಡನ ಫೋಟೋ ಅಲ್ಲಿ ನೇತುಹಾಕಿತ್ತು. ಮಗಳ ಮದುವೆಯ ಕಾರ್ಡಿನಲ್ಲಿ ಅಮರರ್ ಅಂತ ಬಂದರೆ ಆ ಚಪ್ಪರದಲ್ಲಿ ಯಾವ ಮುಖ ಹೊತ್ತು ಕೂರೋದು?

ಮೊದಲ ಎರಡು ಭೇಟಿಯಲ್ಲಿ ಇಬ್ಬರನ್ನೂ ಬೇರೆ ಬೇರೆ ಮಾತಾಡಿಸಿದೆ. ಮಗಳು ಒಂದು ಮಾತು ಹೇಳಿದಳು, ಅದು ಈಗಲೂ ಕಿವಿಯಲ್ಲಿದೆ. "ಮಿಸ್, ದಿನಾ ಸಂಜೆ ಫ್ಯಾಕ್ಟರಿ ಬಸ್ಸು ಆ ಚಪ್ಪರದ ಮುಂದೇನೇ ಹೋಗುತ್ತೆ. ಕಿಟಕಿಯಿಂದ ಅಪ್ಪನ ಫೋಟೋ ಕಾಣುತ್ತೆ. ಪಕ್ಕದಲ್ಲಿ ಕೂತಿರೋ ಫ್ರೆಂಡ್ಸ್‌ಗೆ ಅದು ನಮ್ಮಪ್ಪ ಅಂತ ನಾನು ಇವತ್ತಿನವರೆಗೂ ಹೇಳಿಲ್ಲ. ನಂಗೆ ಸಾಕಾಗಿದೆ." ಇಷ್ಟು ಹೇಳಿ ಅವಳು ಫೋನ್ ನೋಡಲು ಶುರು ಮಾಡಿದಳು.

ಮೂರನೇ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ತಗಡಿನ ಮಾಡಿನ ರೂಮು, ಮಧ್ಯಾಹ್ನ ಎರಡು ಗಂಟೆ, ಟೇಬಲ್ ಫ್ಯಾನ್ ಇದ್ದರೂ ಬೆವರು ಇಳಿಯುತ್ತಿತ್ತು. ಕರಡು ಮೇಜಿನ ಮೇಲಿತ್ತು, ಗಾಳಿಗೆ ಹಾರದಂತೆ ಅದರ ಮೇಲೆ ಟೀ ಲೋಟ. ಅಕ್ಕ ಅದರ ಕಡೆ ನೋಡುತ್ತಲೇ ಇರಲಿಲ್ಲ. ಮಗಳು ಸ್ವಲ್ಪ ಜೋರಾಗಿಯೇ ಹೇಳಿದಳು, "ಅಮ್ಮಾ, ಅಪ್ಪ ಬರಲ್ಲ. ನಿಮಗೆ ಗೊತ್ತು. ಗೊತ್ತಿದ್ದೂ ಯಾಕೆ ಹೀಗೆ ಮಾಡ್ತೀರಿ?"

ನಾನು ಇಂಥ ಕಡೆ ತಾಯಿ ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ.

"ಬರಲ್ಲ ಅಂತ ನಂಗೂ ಎಷ್ಟೋ ದಿನ ಅನ್ನಿಸುತ್ತೆ ಪಿಳ್ಳೈ. ಆದ್ರೆ ನಾನು ಅದನ್ನ ಹೇಗೆ ಬರೆಸ್ಲಿ? ಅವರನ್ನ ಬಸ್ ಹತ್ತಿಸಿದ್ದು ನಾನೇ."

ಆಮೇಲೆ ನಿಧಾನವಾಗಿ ಹೇಳಿದರು. ಸೇತುವೆ ದಾಟಿದ ಮೇಲೆ ಸೈನ್ಯದವರು ಮೈಕಿನಲ್ಲಿ ಹೇಳುತ್ತಿದ್ದರಂತೆ, ಇಯಕ್ಕಂನಲ್ಲಿ ಒಂದು ದಿನ ಇದ್ದವರೂ ಬಂದು ಹೆಸರು ಬರೆಸಿ, ವಿಚಾರಣೆ ಮಾಡಿ ಬಿಡುತ್ತೇವೆ ಅಂತ. ಎಲ್‌ಟಿಟಿಇಯನ್ನು ಅಲ್ಲಿಯ ಜನ ಇಯಕ್ಕಂ ಅಂತಲೇ ಕರೆಯುತ್ತಾರೆ. ಗಂಡ ಕೆಲವು ತಿಂಗಳು ಅವರ ಲಾರಿ ಓಡಿಸಿದ್ದರು. ಸುಮ್ಮನೆ ಗುಂಪಿನಲ್ಲಿ ಸೇರಿಕೊಂಡು ಹೋಗಿಬಿಡೋಣ ಅಂತ ಅವರು ಅಂದರಂತೆ. ಇವರು ಬೇಡ ಅಂದರು. ಆಮೇಲೆ ಯಾರಾದರೂ ತೋರಿಸಿಕೊಟ್ಟರೆ ಇನ್ನೂ ಕಷ್ಟ, ಹೋಗಿ ಹೇಳಿ ಬನ್ನಿ, ನಾವು ಇಲ್ಲೇ ಇರ್ತೀವಿ ಅಂತ ಬೆನ್ನ ಮೇಲೆ ಕೈಯಿಟ್ಟು ಕಳಿಸಿದರು. ಹೊರಡುವಾಗ ಅವರು ಇವರ ಕಾಲು ನೋಡಿದರಂತೆ. ಬರಿಗಾಲು. ಚಪ್ಪಲಿ ಹಿಂದಿನ ದಿನವೇ ಕಳೆದುಹೋಗಿತ್ತು. ತಮ್ಮ ಚಪ್ಪಲಿ ಬಿಚ್ಚಿ ಹಾಕಿಕೋ ಅಂತ ಕೊಟ್ಟು, ಬರಿಗಾಲಲ್ಲಿ ಬಸ್ ಹತ್ತಿದರು.

"ಆ ಚಪ್ಪಲಿಯಲ್ಲೇ ಮೆನಿಕ್ ಫಾರ್ಮ್‌ವರೆಗೆ ಹೋದೆ ತಂಗಚ್ಚಿ. ದೊಡ್ಡದು, ಕಾಲಿಂದ ಜಾರೋದು. ಕ್ಯಾಂಪಲ್ಲಿ ಉಂಗುಷ್ಟ ಕಿತ್ತುಹೋಯ್ತು, ಪಿನ್ ಹಾಕಿದೆ. ಮತ್ತೆ ಕಿತ್ತುಹೋಯ್ತು. ಮಳೆ ಬಂದಾಗ ಎಲ್ಲೋ ಕೆಸರಲ್ಲಿ ಹೋಯ್ತು. ಆವತ್ತಿಂದ ನಂಗೆ ಅವರ ಮುಖಕ್ಕಿಂತ ಕಾಲೇ ಜಾಸ್ತಿ ನೆನಪಿಗೆ ಬರೋದು. ಈಗ ಕಾರ್ಡಲ್ಲಿ ಅಮರರ್ ಅಂತ ಹಾಕಿಸಿದ್ರೆ, ಕಳಿಸಿದವಳೂ ನಾನೇ, ಮುಗಿಸಿದವಳೂ ನಾನೇ."

ಮಗಳು ಫೋನನ್ನು ಮಡಿಲಲ್ಲಿ ತಲೆಕೆಳಗಾಗಿ ಇಟ್ಟಳು. ಒಂಬತ್ತು ವರ್ಷದಲ್ಲಿ ಈ ಮಾತು ಆ ಮನೆಯಲ್ಲಿ ಬಂದೇ ಇರಲಿಲ್ಲ. ಅಮ್ಮ ಹಟಕ್ಕೆ ಕಾಯುತ್ತಿದ್ದಾಳೆ ಅಂತ ಅವಳು ತಿಳಿದಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತುಂಬ ಸಣ್ಣ ದನಿಯಲ್ಲಿ, "ನಾನೂ ಹೇಳಿದ್ದೆ ಅಮ್ಮಾ. ಬೇಗ ಹೋಗಿ ಬನ್ನಿ ಅಪ್ಪಾ, ತಮ್ಮನಿಗೆ ಹಸಿವಾಗಿದೆ ಅಂದಿದ್ದೆ" ಅಂದಳು. ಆಗ ಅವಳಿಗೆ ಹದಿಮೂರು ವರ್ಷ.

ಇಬ್ಬರೂ ಒಂದೇ ಕಲ್ಲನ್ನು ಬೇರೆ ಬೇರೆಯಾಗಿ ಹೊತ್ತುಕೊಂಡು, ಒಬ್ಬರಿಗೊಬ್ಬರು ತೋರಿಸದೆ ಒಂಬತ್ತು ವರ್ಷ ಒಂದೇ ಮನೆಯಲ್ಲಿ ಓಡಾಡಿದ್ದರು. ನಾನು ಆ ಹೊತ್ತಿನಲ್ಲಿ ಏನೂ ಹೇಳಲಿಲ್ಲ. ಹೇಳಬಾರದು ಅಂತಲೇ ಹೇಳಲಿಲ್ಲ. "ನಿಮ್ಮ ತಪ್ಪಿಲ್ಲ" ಅನ್ನುವುದು ಬಾಯಿತುದಿಗೆ ಬಂದಿತ್ತು. ಆ ಮಾತನ್ನು ಅವರಿಗೆ ಎಷ್ಟು ಜನ ಎಷ್ಟು ಬೇಗ ಹೇಳಿ ಬಾಯಿ ಮುಚ್ಚಿಸಿರಬಹುದು ಅಂತ ತಡೆದುಕೊಂಡೆ. ನಿಮ್ಮ ತಪ್ಪಲ್ಲ ಅಂತ ಕೊನೆಗೆ ಹೇಳಿದ್ದು ಮಗಳು, ಅದೂ ಇನ್ನೊಂದು ದಿನ, ಬಸ್ ಸ್ಟಾಪಿನಲ್ಲಿ. ಅಕ್ಕನೇ ಬಂದು ಹೇಳಿದರು.

ನಾನು ಕೊಟ್ಟ ಸಲಹೆ ಇದು. ಕಾರ್ಡಿನಲ್ಲಿ ಅಮರರ್ ಬೇಡ. ಅವರು ಇದ್ದಾರೆ ಅಂತ ಸಾರುವ ಪದವೂ ಬೇಡ. ಮಗಳ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಹೇಗಿದೆಯೋ ಹಾಗೇ, ಬರೀ ಹೆಸರು. ಇಂಥವರ ಮತ್ತು ಇಂಥವರ ಮಗಳು. ಅಷ್ಟು ಖಂಡಿತ ನಿಜ, ಅದನ್ನು ಯಾರೂ ಅಲ್ಲ ಅನ್ನಲು ಬರುವುದಿಲ್ಲ. ಎರಡನೆಯದು, ಕಾರ್ಡ್ ಅಚ್ಚಾಗುವ ಮೊದಲೇ ಹುಡುಗನ ಮನೆಗೆ ತಾಯಿಯೇ ಹೋಗಿ ಹೇಳಬೇಕು, ದಲ್ಲಾಳಿಯ ಬಾಯಲ್ಲಿ ಬೇಡ. ಮಂಟಪದಲ್ಲಿ ಯಾರು ಧಾರೆ ಎರೆಯಬೇಕು ಅನ್ನೋದು ನಿಮ್ಮ ಮನೆಯ ಪದ್ಧತಿ, ನಾನು ಹೇಳಲ್ಲ. ಆದರೆ ಮಗಳ ಮದುವೆ ನಡೆಯುವಾಗ ನೀವು ಅಡುಗೆ ಕಡೆ ಹೋಗಿ ಕೂರಬೇಡಿ ಅಕ್ಕಾ ಅಂದೆ. ಇಷ್ಟು ಮಾತ್ರ ಗಟ್ಟಿಯಾಗಿ ಹೇಳಿದೆ, ಆಪ್ತಸಲಹೆಗಾರರು ಹಾಗೆ ಹೇಳಬಾರದು ಅಂತ ಗೊತ್ತಿದ್ದೂ ಹೇಳಿದೆ.

ಮೂರನೆಯದು ಕಾಗದಪತ್ರದ ವಿಷಯ. ಜಾಗ ಗಂಡನ ಹೆಸರಿನಲ್ಲಿತ್ತು. ಕಚೇರಿಗೆ ಹೋದಾಗಲೆಲ್ಲ ಮರಣ ಪ್ರಮಾಣಪತ್ರ ತನ್ನಿ, ಎಲ್ಲ ಸುಲಭ ಆಗುತ್ತೆ ಅನ್ನುತ್ತಿದ್ದರು. 2010ರಲ್ಲಿ ಲಂಕೆಯಲ್ಲಿ ಒಂದು ತಾತ್ಕಾಲಿಕ ಕಾನೂನು ಬಂದಿತ್ತು, ಯುದ್ಧದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಕಾಣದವರ ಮರಣವನ್ನು ನೋಂದಾಯಿಸಬಹುದು ಅಂತ. ಕಾಣೆಯಾದವರ ಮನೆಯವರು ಅನೇಕರು ಒಪ್ಪಲಿಲ್ಲ. 2016ರಲ್ಲಿ ಅದಕ್ಕೆ ತಿದ್ದುಪಡಿ ತಂದು ಬೇರೆ ಒಂದು ಪ್ರಮಾಣಪತ್ರ ಮಾಡಿದರು, "ಸರ್ಟಿಫಿಕೇಟ್ ಆಫ್ ಆಬ್ಸೆನ್ಸ್" ಅಂತ ಅದರ ಹೆಸರು. ಶಾಲೆಯ ಹಾಜರಿ ಪುಸ್ತಕದಲ್ಲಿ ಹಾಕುತ್ತಾರಲ್ಲ ಗೈರುಹಾಜರಿ, ಹೆಚ್ಚುಕಡಿಮೆ ಅದೇ ಅರ್ಥ. ಈ ಮನುಷ್ಯ ಸತ್ತಿದ್ದಾನೆ ಅಂತ ಅದು ಹೇಳುವುದಿಲ್ಲ, ಇಲ್ಲಿಲ್ಲ ಅಂತ ಮಾತ್ರ ಹೇಳುತ್ತದೆ. ಅದನ್ನಿಟ್ಟುಕೊಂಡು ಹೆಂಡತಿ ಆಸ್ತಿ, ಬ್ಯಾಂಕು ನೋಡಿಕೊಳ್ಳಬಹುದು, ಸರ್ಕಾರದ ನೆರವು ಕೇಳಬಹುದು, ಹುಡುಕಾಟವೂ ನಿಲ್ಲುವುದಿಲ್ಲ. ಧರಣಿಯಲ್ಲಿದ್ದ ಕೆಲವರು ಅದನ್ನೂ ತಗೋಬಾರದು ಅನ್ನುತ್ತಿದ್ದರು, ಒಂದು ಕಾಗದ ಕೊಟ್ಟು ಸುಮ್ಮನಾಗಿಸುತ್ತಾರೆ ಅನ್ನುವುದು ಅವರ ಭಯ, ಆ ಭಯಕ್ಕೆ ಕಾರಣವೂ ಇತ್ತು. ನಾನು ಎರಡೂ ಹೇಳಿದೆ. ಅಕ್ಕ ಎರಡು ತಿಂಗಳು ಯೋಚಿಸಿದರು.

ಈ ಸಲಹೆಗೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಬೇಸರ ಮಾಡಿಕೊಂಡರು. ನೀನು ಆ ಹೆಂಗಸಿನ ಭ್ರಮೆಗೆ ನೀರೆರೆಯುತ್ತಿದ್ದೀಯ, ಒಪ್ಪಿಕೊಂಡರೆ ತಾನೇ ದುಃಖ ಇಳಿಯೋದು ಅಂದರು. ಪುಸ್ತಕದ ಪ್ರಕಾರ ಅವರ ಮಾತು ಪೂರ್ತಿ ತಪ್ಪಲ್ಲ. ಆದರೆ ಆ ದಾರಿಯನ್ನು ನಾನು ಒಮ್ಮೆ ಹಿಡಿದು ನೋಡಿದ್ದೆ. ಅಲ್ಲಿಗೆ ಹೋದ ಮೊದಲ ವರ್ಷ, ಮಗ ಕಾಣೆಯಾದ ಒಬ್ಬ ತಾಯಿಗೆ ಫೋಟೋ ಇಟ್ಟು ತಿಥಿ ಮಾಡಿ, ಮನಸ್ಸು ಹಗುರಾಗುತ್ತೆ ಅಂತ ನಾನೇ ಒತ್ತಿ ಹೇಳಿದ್ದೆ. ಅವರು ಮಾಡಿದರು. ಆಮೇಲೆ ನನ್ನ ಹತ್ತಿರ ಬರುವುದನ್ನೇ ಬಿಟ್ಟರು. ಐದಾರು ತಿಂಗಳ ಮೇಲೆ ಸಂತೆಯಲ್ಲಿ ಸಿಕ್ಕಾಗ ಹೇಳಿದರು, "ನೀವು ಹೇಳಿದ್ರಿ ಅಂತ ಮಾಡಿದೆ ಮಗಳೇ. ಆವತ್ತಿಂದ ಅವನು ಕನಸಲ್ಲೂ ಬರ್ತಿಲ್ಲ." ಕೋಪದಿಂದ ಹೇಳಲಿಲ್ಲ. ಕೋಪ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಾವಿಗೆ ಒಂದು ಹೆಣ ಇರುತ್ತದೆ, ಸುಡುವುದು ಹೂಳುವುದು ಇರುತ್ತದೆ, ಹನ್ನೊಂದು ಹದಿಮೂರು ದಿನ ಅಂತ ಲೆಕ್ಕ ಇರುತ್ತದೆ. ಕಾಣೆಯಾದವರಿಗೆ ಇದು ಯಾವುದೂ ಇಲ್ಲ. ಪಾಲಿನ್ ಬಾಸ್ ಎಂಬ ಅಮೆರಿಕದ ತಜ್ಞೆ 1970ರ ದಶಕದಿಂದಲೇ ಇಂಥ ಅಗಲಿಕೆಯ ಬಗ್ಗೆ ಕೆಲಸ ಮಾಡಿದವರು. ಇಲ್ಲಿ ಸಿಕ್ಕಿಕೊಂಡಿರುವುದು ಪರಿಸ್ಥಿತಿ, ಆ ಮನುಷ್ಯರಿಗೆ ಕಾಯಿಲೆ ಬಂದಿದೆ ಅಂದುಕೊಳ್ಳಬೇಡಿ ಅನ್ನುವುದು ಅವರ ವಾದದ ಸಾರ. ಬರುತ್ತಾರೆ, ಬರಲ್ಲ, ಎರಡೂ ಒಟ್ಟಿಗೆ ಮನಸ್ಸಿನಲ್ಲಿ ಇರಬಹುದು. ಬೆಳಿಗ್ಗೆ ಬರಲ್ಲ ಅಂತ ಅನ್ನಿಸಿ, ಸಂಜೆ ನಾಯಿ ಬೊಗಳಿದರೆ ಬಾಗಿಲು ನೋಡಬಹುದು. ಅದನ್ನು ಭ್ರಮೆ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಒಬ್ಬ ಮನುಷ್ಯ ಸತ್ತ ಅಂತ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಬದುಕಿದ್ದಾನೆ ಅಂತ ಆಸೆ ಹುಟ್ಟಿಸುವ ಹಕ್ಕೂ ಇಲ್ಲ. ಕಾಯುತ್ತಲೇ ಮಗಳ ಮದುವೆ ಮಾಡಬಹುದು, ಕಾಯುತ್ತಲೇ ಹೊಸ ಸೀರೆ ಉಡಬಹುದು ಅನ್ನುವಷ್ಟು ಜಾಗ ಮಾಡಿಕೊಡುವುದು ನನ್ನ ಕೆಲಸ. ಇದರಲ್ಲಿ ನನಗೆ ಅನುಮಾನವಿಲ್ಲ.

ಮದುವೆ ಆಯಿತು. ಹುಡುಗನ ತಾಯಿ ಮೊದಲು ಮುಖ ಸಿಂಡರಿಸಿದರಂತೆ, ಆಮೇಲೆ ತಮ್ಮ ಅಣ್ಣನೂ 1990ರಿಂದ ಇಲ್ಲ ಅಂದರಂತೆ. ಧಾರೆ ಎರೆದದ್ದು ಸೋದರಮಾವ. ಅಕ್ಕ ಕುಂಕುಮ ಇಟ್ಟುಕೊಂಡು ಮಂಟಪದ ಪಕ್ಕದಲ್ಲೇ ನಿಂತಿದ್ದ ಫೋಟೋ ನನ್ನ ಫೋನಿನಲ್ಲಿದೆ. ಅದಾದ ಮೇಲೂ ಅವರು ಚಪ್ಪರಕ್ಕೆ ಹೋಗುವುದು ಬಿಡಲಿಲ್ಲ.

ಇದೆಲ್ಲ ಲಂಕೆಯ ಯುದ್ಧದ ಮಾತು, ನಮಗೇನು ಅಂತ ಅನ್ನಿಸಬಹುದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮೀನುಗಾರರ ಸಮೇತ ಕಾಣೆಯಾದದ್ದು ನೆನಪಿದೆಯಲ್ವಾ? ದೋಣಿಯ ಅವಶೇಷ ಸಿಕ್ಕಿತು ಅಂತ ತಿಳಿಯಲು ಮುಂದಿನ ಮೇ ತಿಂಗಳು ಬಂತು. ಅಷ್ಟು ತಿಂಗಳು ಆ ಮನೆಗಳಲ್ಲಿ ಬೆಳಗಾದದ್ದು ಹೇಗೆ? ನಮ್ಮ ದೇಶದ ಕಾನೂನಿನಲ್ಲಿ, ಸುದ್ದಿ ಬರಬೇಕಾದವರಿಗೆ ಏಳು ವರ್ಷ ಸುದ್ದಿಯೇ ಬರದಿದ್ದರೆ ಆ ವ್ಯಕ್ತಿ ತೀರಿಹೋಗಿದ್ದಾರೆ ಅಂತ ಕೋರ್ಟು ಭಾವಿಸಬಹುದು. ಆಸ್ತಿ, ಪಿಂಚಣಿ, ವಿಮೆಗೆ ಅದು ಬೇಕಾಗುತ್ತದೆ, ತಗೊಳ್ಳಿ. ಕೋರ್ಟಿನ ಕಾಗದ ಕೋರ್ಟಿನ ಕೆಲಸಕ್ಕೆ. ಅದು ಬಂತು ಅಂತ ಮರುದಿನವೇ ತಾಳಿ ತೆಗೆಯಿರಿ, ತಿಥಿ ಮಾಡಿ ಅಂತ ಸಂಬಂಧಿಕರು ಮನೆ ಬಾಗಿಲಿಗೆ ಬರಬೇಡಿ. ಇನ್ನೂ ಎಷ್ಟು ದಿನ ಕಾಯ್ತೀಯ ಅಂತಲೂ ಕೇಳಬೇಡಿ. ಕೇಳಲೇಬೇಕು ಅನ್ನಿಸಿದರೆ, ಅವರು ಹೇಗಿದ್ದರು, ಏನು ಇಷ್ಟಪಡುತ್ತಿದ್ದರು ಅಂತ ಕೇಳಿ. ಎಷ್ಟೋ ಮನೆಗಳಲ್ಲಿ ಹಾಗೆ ಕೇಳುವವರೇ ಇರುವುದಿಲ್ಲ.

ಕಳೆದ ತಿಂಗಳು ಬಂದ ಹುಡುಗಿಗೆ ನಾನು ಕಿಳಿನೊಚ್ಚಿಯ ಉತ್ತರ ಕೊಡಲಿಲ್ಲ. ಅವಳ ಅಪ್ಪ ಯುದ್ಧದಲ್ಲಿ ಹೋದವರಲ್ಲ, ಬೇಕು ಅಂತಲೇ ಮನೆ ಬಿಟ್ಟಿರಲೂಬಹುದು, ಆ ನೋವಿನ ದಾರಿ ಬೇರೆ. ದಿ॥ ಬಗ್ಗೆ ನಿನ್ನಮ್ಮ ಏನಂತಾರೆ ಅಂತ ಕೇಳಿದೆ. "ಅಮ್ಮನ ಹತ್ರ ಆ ವಿಷಯ ಮಾತಾಡಿ ಏಳೆಂಟು ವರ್ಷ ಆಯ್ತು ಮೇಡಂ" ಅಂದಳು. ಬರುವ ಬುಧವಾರ ಇಬ್ಬರೂ ಬರುತ್ತಾರೆ. ಪ್ರೆಸ್‌ಗೆ ಒಂದು ವಾರ ತಡೀರಿ ಅಂತ ಹೇಳಿಸಿದ್ದೇವೆ.